ನೆರೆಗುಳಿ ಇದ್ದ ಕಾಲ

ನಮ್ಮ ಕಡೆ ಪ್ರತಿ ಮಳೆಗೂ ಒಂದು ಕೆಲಸವಿತ್ತು. ಮೃಗಶಿರದಲ್ಲಿ ಅಗೆ ಹಾಕಿದರೆ ಆರಿದ್ರೆಯಲ್ಲಿ ಗದ್ದೆ ಹೂಟಿ, ಪುನರ್ವಸು–ಪುಷ್ಯದಲ್ಲಿ ನೆಟ್ಟಿ. ಮಳೆ ಹಿಡಿದ ರಾತ್ರಿ ಹಳ್ಳದಿಂದ ಗದ್ದೆಗೆ ಹತ್ತುಮೀನು ಏರಿಬರುತ್ತಿದ್ದವು. ಕಂಬಳಿಕೊಪ್ಪೆ ಹೊದ್ದ ಹೆಂಗಸರು ಸಾಲುಹಿಡಿದು ಬಗ್ಗಿ, ನೆಡುತ್ತ ನೆಡುತ್ತ ಹಿಂದೆ ಸರಿಯುತ್ತಿದ್ದರೆ, ಜಾರುವ ಅಂಚಿನ ಮೇಲೆ ಅಗೆಕಟ್ಟು ಹೊತ್ತು ಓಡುವುದು ಮಕ್ಕಳಾದ ನಮ್ಮ ಪಾಲು. ಬಿದ್ದರೆ ನಗುವವರೇ ಹೆಚ್ಚು, ಎತ್ತುವವರು ಕಡಿಮೆ.

ಸೀಗೆ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆ ತುಂಬಿರುತ್ತಿತ್ತು. ಸಾಗರ, ಹೊಸನಗರದ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳಲ್ಲಿ ಚಿತ್ತಾರ ಬರೆಯುತ್ತಿದ್ದರು. ನಸುಕಿನಲ್ಲೇ ಆ ಬುಟ್ಟಿ ಹೊತ್ತು ಹೋಗಿ ಬಸುರಿ ಗದ್ದೆಗೆ ಬಯಕೆಯೂಟ ಬಡಿಸುತ್ತಿದ್ದರು. ಹಬ್ಬ ಈಗಲೂ ಇದೆ, ಚಿತ್ತಾರವೂ ಇದೆ. ಎಷ್ಟೋ ಮನೆಗಳಲ್ಲಿ ಬುಟ್ಟಿ ಹೋಗುವುದು ಮಾತ್ರ ಅಡಿಕೆ ಸಸಿಯ ಬುಡಕ್ಕೆ.

ಗದ್ದೆ ಅಡಿಕೆ ತೋಟವಾದದ್ದನ್ನು ಬರೀ ದುಡ್ಡಿನಾಸೆ ಎನ್ನಲಾರೆ. 2019ರ ಆಗಸ್ಟಿನಲ್ಲಿ ಆಶ್ಲೇಷ ಮಳೆ ನೆಟ್ಟ ಗದ್ದೆಗಳನ್ನು ಮುಳುಗಿಸಿತು. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಕಂಡ ಅತಿ ಒಣ ಆಗಸ್ಟ್. ಮಲೆನಾಡಿನ ಗದ್ದೆಯೂ ಬಿರುಕುಬಿಟ್ಟಿತು. ಹೂ ಬಿಡುವಾಗ ಹೊಯ್ದರೆ ಜೊಳ್ಳು, ಕೊಯ್ದು ಹರವಿದಾಗ ಹೊಯ್ದರೆ ತೆನೆಯಲ್ಲೇ ಮೊಳಕೆ. ಆಳೂ ಸಿಗದು. ಭತ್ತ ಅಳೆಯುವ ಕೊಳಗದ ಮೋಸಕ್ಕೆ ಗೇಣಿದಾರರು ತಿರುಗಿಬಿದ್ದ, 1951ರ ಸತ್ಯಾಗ್ರಹದ ಕಾಗೋಡು ಇರುವುದು ಇದೇ ಸಾಗರ ಸೀಮೆಯಲ್ಲಿ. ಭತ್ತಕ್ಕಾಗಿ ಅಷ್ಟು ಹೋರಾಡಿದ ಸೀಮೆಯ ಗದ್ದೆಗಳಿಗೇ ಕಪ್ಪು (ಬಸಿಗಾಲುವೆ) ಹೊಡೆದು ಅಡಿಕೆ ಇಟ್ಟವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ತೀರ್ಥಹಳ್ಳಿ, ಹೊಸನಗರದಲ್ಲಿ ಆ ಅಡಿಕೆಗೂ ಈಗ ಎಲೆಚುಕ್ಕಿ ರೋಗ.

ಬೈಯಬೇಕಾದ್ದು ಬೇರೆಯದಕ್ಕೆ. ವರದಾ ನದಿ ಉಕ್ಕುವ ಬಯಲುಗಳಲ್ಲಿ ಹಿಂದೆ ನೆರೆಗುಳಿ, ಕರೆಕಂಠಕ, ಎಡಿಕುಣಿ ಎಂಬ ಭತ್ತಗಳಿದ್ದವು. ನೆರೆ ಬರುವ ಮೊದಲೇ ಬಿತ್ತಿದ ಅವು ನೀರು ಏರಿದಂತೆ ತಾವೂ ಉದ್ದವಾಗುತ್ತಿದ್ದವು. ದಿನಗಟ್ಟಲೆ ಮುಳುಗಿದ್ದರೂ ಕೊಳೆಯದೆ, ನೀರಿಳಿದ ಮೇಲೆ ಮತ್ತೆ ಚಿಗುರುತ್ತಿದ್ದವು. ಇಳುವರಿ ಕಡಿಮೆ, ಅಕ್ಕಿ ದಪ್ಪ ಎಂದು ನಾವೇ ಮೂಗು ಮುರಿದೆವು. ಮಳೆ ಹುಚ್ಚಾಗುವ ಹೊತ್ತಿಗೆ ಸರಿಯಾಗಿ, ಅದರ ಹುಚ್ಚು ತಾಳಬಲ್ಲ ಬೀಜ ಕೈಬಿಟ್ಟಿತ್ತು.

ಈಗ ನೆರೆಗುಳಿ ಬೀಜ ಎಲ್ಲಿ ಸಿಗುತ್ತದೆ ಎಂದು ಊರೂರು ವಿಚಾರಿಸುವವರಿದ್ದಾರೆ. ಆಗ ಪಕ್ಕದ ಮನೆಯ ಪಣತದಿಂದ ಒಂದು ಕೊಳಗ ಅಳೆಸಿಕೊಂಡು ಬಂದು, ಸುಗ್ಗಿಯಲ್ಲಿ ಒಂದೂವರೆ ಕೊಳಗ ತಿರುಗಿ ಕೊಟ್ಟರೆ ಲೆಕ್ಕ ಮುಗಿಯುತ್ತಿತ್ತು.