ತಾಳೆಯಾದ ಲೆಕ್ಕ

ಸೈನ್ಸ್ ತಗೊಂಡವನು ಬುದ್ಧಿವಂತ, ಕಾಮರ್ಸ್ ತಗೊಂಡವನು ಅಂಗಡೀಲಿ ಲೆಕ್ಕ ಬರೆಯೋಕೆ ಲಾಯಕ್ಕು. ನಮ್ಮೂರಿನ ತೀರ್ಪು ಇದು. ಹಾಗಾಗಿ ನನ್ನ ಬಿ.ಇ.ಗೆ ಅಪ್ಪ ಸಾಲ ಮಾಡಿದ್ರು. ತಮ್ಮ ಬಸ್ ಪಾಸಲ್ಲೇ ಬಿ.ಕಾಂ. ಮುಗಿಸಿದ.

ಆಮೇಲೆ ಸಿಎ ಮಾಡ್ತೀನಂತ ಬೆಂಗಳೂರಿಗೆ ಬಂದ. 3 ವರ್ಷ ಆರ್ಟಿಕಲ್‌ಶಿಪ್, ನನ್ನ ರೂಮಲ್ಲೇ ವಾಸ. ಸ್ಟೈಪೆಂಡು ಬಸ್ಸು, ಊಟಕ್ಕೇ ಸಾಲುತ್ತಿರಲಿಲ್ಲ. ಆ ಪರೀಕ್ಷೆಯೋ ವಿಚಿತ್ರ: ಪ್ರತಿ ಪೇಪರಿನಲ್ಲಿ 40 ಬಂದರಷ್ಟೇ ಸಾಲದು, ಗ್ರೂಪಿನ ಒಟ್ಟು ಅಂಕ ಶೇ. 50 ಮುಟ್ಟಬೇಕು. ಫೈನಲ್‌ನಲ್ಲಿ ಎಲ್ಲ ಪೇಪರೂ ದಾಟಿ ಒಟ್ಟಿನಲ್ಲಿ ಫೇಲಾದ, ಎರಡು ಸಲ. "ಒಂದೂ ಪೇಪರ್ ಹೋಗಿಲ್ಲ ಅಂತೀಯ, ಮತ್ತೆ ಫೇಲ್ ಹೇಗೋ?" ಅಂತ ಅಪ್ಪ ಫೋನಲ್ಲಿ ಕೇಳುವಾಗ ನಾನು ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ.

ಈಗ ಸಾಗರದಲ್ಲಿ ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ಹಾಕಿಕೊಡ್ತಾನೆ. ತಿಂಗಳ 11, 20ನೇ ತಾರೀಕು ಫೋನ್ ಎತ್ತಲ್ಲ.

ನಾನು? ಬಿಲ್ಲಿಂಗ್ ಸಾಫ್ಟ್‌ವೇರಿಗೆ ಕೋಡ್ ಬರೀತೀನಿ. ಕಳೆದ ತಿಂಗಳು ಗಿರಾಕಿ ಕೊಟ್ಟ ಅಡ್ವಾನ್ಸನ್ನು ನೇರ ಆದಾಯಕ್ಕೆ ಸೇರಿಸಿಬಿಟ್ಟಿದ್ದೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಿತ್ತಲ್ಲ, ಇನ್ನೇನು ತಪ್ಪು? ತಮ್ಮನಿಗೆ ತೋರಿಸಿದೆ.

"ತಾಳೆ ಆದ್ರೆ ಸರಿ ಅಂತಲ್ಲ ಅಣ್ಣಾ. ಕೆಲಸ ಮಾಡಿಕೊಡೋವರೆಗೂ ಅದು ನಮ್ಮ ದುಡ್ಡಲ್ಲ, ಸಾಲ ಇದ್ದಂಗೆ."

ಮೇ ತಿಂಗಳಿಗೆ ಮತ್ತೆ ಫೈನಲ್ ಬರೀತಾನಂತೆ. ಫೀಸು ನಾನು ಕೊಡ್ತೀನಂದೆ. ಆಗಲೇ ಕಟ್ಟಾಯ್ತು ಅಂದ.