ಬಸುರಿ ಜಿಂಕೆ ಮತ್ತು ಶ್ರಾವಕನ ವಿವೇಕ

ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದು, ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದನ್ನು ಆತನ ಹೆಸರಿನಿಂದಲೇ ಖಚಿತಪಡಿಸಿತು. ಅದೇ ಅರಸನ ಐದನೆಯ ಸ್ತಂಭಶಾಸನದಲ್ಲಿ ಮತ್ತೊಂದು ಕಟ್ಟಳೆಯಿದೆ. ಬಸುರಿಯಾದ ಅಥವಾ ಹಾಲೂಡುತ್ತಿರುವ ಆಡು, ಕುರಿ, ಹಂದಿಗಳನ್ನಾಗಲಿ, ಆರು ತಿಂಗಳೊಳಗಿನ ಅವುಗಳ ಮರಿಗಳನ್ನಾಗಲಿ ಕೊಲ್ಲಬಾರದೆಂಬುದು ಅದರ ಆಶಯ. ಇಂಥ ಕಟ್ಟಳೆಯನ್ನು ಪಾಲಿಸಬೇಕಾದರೆ ಪ್ರಾಣಿಯು ಬಸುರಿಯೆಂಬುದು ಮೊದಲು ತಿಳಿದಿರಬೇಕು. ಕುರುಬನಿಗೆ ತನ್ನ ಕುರಿಯ ಬಸಿರು ಕಣ್ಣಳತೆಯಲ್ಲಿಯೇ ತಿಳಿಯುತ್ತದೆ. ಮನುಷ್ಯನ ನೆರಳು ಕಂಡೊಡನೆ ನೆಗೆದೋಡುವ ಜಿಂಕೆಯ ಬಸಿರನ್ನು ತಿಳಿಯುವ ಬಗೆ ಯಾವುದು?

ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯ ಎರೆಹೊಲಗಳಿಗೆ ಜಿಂಕೆ ಅಪರಿಚಿತವಲ್ಲ. ಇಲ್ಲಿನ ಜನ ಜಿಂಕೆಯೆಂದು ಕರೆಯುವುದು ಕೃಷ್ಣಮೃಗವನ್ನೇ. ಹರಿಣವು ಶಾಂತಿನಾಥ ತೀರ್ಥಂಕರರ ಲಾಂಛನವೂ ಹೌದು. ಇಂಥ ಪ್ರಾಣಿಯನ್ನು ಬಲೆಯೊಡ್ಡಿ ಹಿಡಿದು ರಕ್ತ ತೆಗೆಯಹೊರಟರೆ, ಭಯದಿಂದಲೂ ಒದ್ದಾಟದಿಂದಲೂ ಅದರ ಸ್ನಾಯುಗಳೇ ಹಾಳಾಗಿ, ಕೆಲವೊಮ್ಮೆ ಕೆಲವು ದಿನಗಳ ತರುವಾಯ ಪ್ರಾಣವೇ ಹೋಗುವುದುಂಟು. ಕಾಪಾಡುವ ಸದುದ್ದೇಶದಿಂದ ಮಾಡಿದ ಪರೀಕ್ಷೆಯೇ ವಧೆಯಾಗಿ ಪರಿಣಮಿಸಿದಂತಾಗುತ್ತದೆ.

ಈ ಸಂಕಟಕ್ಕೆ ವಿಜ್ಞಾನಿಗಳು ಕಂಡುಕೊಂಡ ದಾರಿ ಬಹು ಸರಳವಾದುದು. ಗರ್ಭಾಶಯವನ್ನು ಬಸಿರಿಗೆ ಅಣಿಗೊಳಿಸುವ ಪ್ರೊಜೆಸ್ಟರಾನ್, ಬೆದೆಯನ್ನು ಸೂಚಿಸುವ ಈಸ್ಟ್ರೊಜೆನ್, ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಯಕೃತ್ತಿನಲ್ಲಿ ರೂಪಾಂತರ ಹೊಂದಿ ಮಲಮೂತ್ರಗಳ ಮೂಲಕ ಹೊರಬೀಳುತ್ತವೆ. ನೆಲದ ಮೇಲೆ ಬಿದ್ದ ಹಿಕ್ಕೆಯನ್ನೋ ಲದ್ದಿಯನ್ನೋ ಆರಿಸಿ, ಹಿಮಶೀತದಲ್ಲಿಟ್ಟು, ಒಣಗಿಸಿ ಪುಡಿ ಮಾಡಿ, ಮದ್ಯಸಾರದಲ್ಲಿ ಕದಡಿ, ಅದರಲ್ಲಿನ ಅಂಶಗಳನ್ನು ಅಳೆಯುತ್ತಾರೆ. ಪ್ರಾಣಿಗೆ ತನ್ನನ್ನು ಪರೀಕ್ಷಿಸಿದ ಸಂಗತಿಯೇ ತಿಳಿಯದು. ಆದರೆ ಇಲ್ಲಿ ತಾಳ್ಮೆ ಬೇಕು. ಯಾವ ಹಿಕ್ಕೆ ಯಾವ ಪ್ರಾಣಿಯದೆಂದು ಗುರುತಿಸಬೇಕು. ಒಂದು ಜಾತಿಗೆ ಒಪ್ಪಿದ ಅಳತೆ ಮತ್ತೊಂದಕ್ಕೆ ಒಪ್ಪೀತೆಂಬ ಭರವಸೆಯಿಲ್ಲ. ಒಂದು ದಿನದ ಸಂಗ್ರಹದಿಂದ ಏನೂ ತಿಳಿಯದು, ವಾರಗಟ್ಟಲೆ ಕೂಡಿಸಬೇಕು.

ಹೈದರಾಬಾದಿನಲ್ಲಿ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರಕ್ಕೆ ಸೇರಿದ, ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗೆಂದೇ ಮೀಸಲಾದ ಪ್ರಯೋಗಾಲಯವೊಂದಿದೆ. ಅಲ್ಲಿನ ವಿಜ್ಞಾನಿಗಳು ದಕ್ಷಿಣ ಭಾರತದ 3 ಮೃಗಾಲಯಗಳ ಆನೆಗಳ ಲದ್ದಿಯಿಂದಲೇ ಅವುಗಳ ಸಂತಾನಸ್ಥಿತಿಯನ್ನೂ ಒತ್ತಡವನ್ನೂ ಅಳೆದ ವರದಿಯು 2014ರಲ್ಲಿ ಪ್ರಕಟವಾಯಿತು. ಆನೆಯ ಗರ್ಭಾವಧಿ ಸುಮಾರು 22 ತಿಂಗಳು. ಬಸಿರು ಮೊದಲೇ ತಿಳಿದರೆ ಅದರಿಂದ ಕೆಲಸ ತಪ್ಪಿಸಿ ವಿಶ್ರಾಂತಿ ನೀಡಲು ಸಾಧ್ಯ.

ಆದರೂ ನೋವಿಲ್ಲದ ವಿಧಾನವೆಂದ ಮಾತ್ರಕ್ಕೆ ಎಲ್ಲವೂ ನಿರ್ದೋಷವಾಗದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ವಧೆ, ಛೇದಗಳಂತೆ ಬಂಧವೂ ಒಂದು. ಹಿಕ್ಕೆಯ ಪರೀಕ್ಷೆಯಲ್ಲಿ ಸೂಜಿಯ ನೋವಿಲ್ಲ, ನಿಜ. ಬಂಧವು ಮಾತ್ರ ಹಾಗೆಯೇ ಉಳಿಯಿತು. ಇನ್ನೂ ಒಂದು ಮಾತುಂಟು. 2007ರಲ್ಲಿ ಅದೇ ಪ್ರಯೋಗಾಲಯದ ಪ್ರಯತ್ನದಿಂದ, ಕೃತಕ ಗರ್ಭಧಾರಣೆಯ ಮೂಲಕ ಕೃಷ್ಣಮೃಗದ ಮರಿಯೊಂದು ಜನಿಸಿತು. ಬೆದೆಯ ಕಾಲವನ್ನರಿಯುವುದು ಒಂದು ಕ್ರಿಯೆ. ಅದನ್ನರಿತು ಪ್ರಾಣಿಯ ದೇಹದಲ್ಲಿ ಕೈಯಾಡಿಸುವುದು ಇನ್ನೊಂದು. ಮೊದಲನೆಯದರ ಸೌಮ್ಯತೆಯನ್ನು ತೋರಿಸಿ ಎರಡನೆಯದಕ್ಕೆ ಒಪ್ಪಿಗೆ ಪಡೆಯಲಾಗದು. ಅದರ ಅಗತ್ಯವನ್ನು ಬೇರೆಯಾಗಿಯೇ ತೂಗಬೇಕು.

ಸಿಂಧನೂರಿನ ಗೃಹಸ್ಥನೊಬ್ಬನು ಮಗಳ ಜನ್ಮದಿನದ ನಿಮಿತ್ತ ಮೃಗಾಲಯದ ಪ್ರಾಣಿಯೊಂದನ್ನು ದತ್ತು ಪಡೆಯಲು ಹೊರಟನೆಂದು ಇಟ್ಟುಕೊಳ್ಳಬಹುದು. ಜೀವದಯೆಯ ದಾನವೆಂದು ಆತನ ಮನಸ್ಸು ತೃಪ್ತಿಗೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳುವುದು ವಿಹಿತ. ಒತ್ತಡದ ಅಂಶ ಹೆಚ್ಚೆಂದು ಕಂಡಾಗ ಆವರಣವನ್ನು ವಿಸ್ತರಿಸುವರೋ, ವರದಿಯನ್ನು ಕಡತದಲ್ಲಿಡುವರೋ? ಹುಟ್ಟುವ ಮರಿಯು ಕಾಡಿಗೆ ಹೋಗುವುದೋ, ಪ್ರದರ್ಶನಕ್ಕೆ ನಿಲ್ಲುವುದೋ? ಇಂಥ ಪ್ರಶ್ನೆಗೆ ಒಳ್ಳೆಯ ಉತ್ತರ ದೊರೆತ ಉದಾಹರಣೆಯೂ ಇದೆ. ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ 2010ರಲ್ಲಿ ಆರಂಭವಾದ ಬರ್ಕಗಳ ಸಂತಾನವರ್ಧನೆಯ ಯೋಜನೆಯಿಂದ, 2017ರಲ್ಲಿ ಕೆಲವನ್ನು ಅಮ್ರಾಬಾದ್ ಅರಣ್ಯಕ್ಕೆ ಬಿಡಲಾಯಿತು. ಅಲ್ಲಿ ಬಂಧವು ಬಿಡುಗಡೆಯ ಮೆಟ್ಟಿಲಾಯಿತು.

ದತ್ತಿಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೆರವಣಿಗೆಗೆ ಆನೆಯನ್ನು ತರಿಸುವ ಮುನ್ನ, ಅದು ಮೌನವಾಗಿರುವುದರಿಂದ ನೆಮ್ಮದಿಯಾಗಿದೆ ಎಂದು ಭಾವಿಸಲಾಗದು. ಕಣ್ಣಿಗೆ ಕಾಣದ ಕಳವಳವನ್ನು ಲದ್ದಿಯೇ ನುಡಿಯಬಲ್ಲದೆಂಬುದು ಈಗ ತಿಳಿದ ಸಂಗತಿ. ತಿಳಿದ ಮೇಲೆ ಮಾಡಿದುದಕ್ಕೂ ತಿಳಿಯದೆ ಮಾಡಿದುದಕ್ಕೂ ಅಂತರವಿದೆ.

ಇನ್ನು ಊರಿನ ಜಿಂಕೆಯ ವಿಷಯ. ತುಂಗಭದ್ರೆಯ ಎಡದಂಡೆ ಕಾಲುವೆಯು ಸಿಂಧನೂರನ್ನು ಭತ್ತದ ನಾಡಾಗಿಸಿತು. ಎರೆಯ ಬಯಲುಗಳು ಉಳುಮೆಗೆ ಸಂದವು. ಹುಲ್ಲುಗಾವಲು ಕಳೆದುಕೊಂಡ ಜಿಂಕೆ ಕಡಲೆಯ ಸಾಲಿಗೆ ಬಾಯಿ ಹಾಕಿದರೆ, ನಷ್ಟವನ್ನು ಹೊರುವವನು ಬಡ ರೈತ. ದೂರದ ಮೃಗಾಲಯಕ್ಕೆ ಸಾವಿರಗಟ್ಟಲೆ ನೀಡುವ ಕೈಗಳು ಆತನ ನಷ್ಟದಲ್ಲಿ ಪಾಲು ವಹಿಸಿದರೆ, ಒಂದಿಷ್ಟು ಗೋಮಾಳವನ್ನು ಉಳಿಸಿಕೊಳ್ಳಲು ನೆರವಾದರೆ, ಬಸುರಿ ಜಿಂಕೆಯು ಪರೀಕ್ಷೆಯ ಹಂಗಿಲ್ಲದೆ ಬಯಲಿನಲ್ಲಿಯೇ ಮರಿ ಹಾಕೀತು.