ಕಣ್ಣಿಗೆ ಕಾಣುವ ನುಡಿ

ಹಡೆದ ಕೂಸಿಗೆ ಕಿವಿ ಕೇಳದೆಂಬುದು ತಿಳಿದ ದಿನದಿಂದ ಎಷ್ಟೋ ಮನೆಗಳಲ್ಲಿ ಒಂದು ವಿಚಿತ್ರ ಸಂಗತಿ ನಡೆಯುತ್ತದೆ. ಅದುವರೆಗೆ ಕೂಸಿನೊಡನೆ ಎಡೆಬಿಡದೆ ಮಾತನಾಡುತ್ತಿದ್ದ ತಾಯಿ ಮೆಲ್ಲಮೆಲ್ಲನೆ ಮೌನಿಯಾಗುತ್ತಾಳೆ. ಕೇಳಿಸದವನಿಗೆ ಹೇಳುವುದೇನೆಂಬ ನಿರಾಶೆಯು ಮೊದಲು ಆಕೆಯ ನಾಲಗೆಯನ್ನೂ, ಅನಂತರ ಮುಖವನ್ನೂ ಕಟ್ಟಿಹಾಕುತ್ತದೆ. ಮಗುವಿಗೆ ಶಬ್ದ ತಪ್ಪಿದ್ದು ಯಾರ ಕೈಯಲ್ಲಿಯೂ ಇಲ್ಲದ ಮಾತು. ನುಡಿ ತಪ್ಪುವುದು ಮಾತ್ರ ಮನೆಯವರ ಈ ಮೌನದಿಂದ. ಶಬ್ದ ಬೇರೆ, ನುಡಿ ಬೇರೆ ಎಂಬ ವಿವೇಕವನ್ನು ತಂದೆತಾಯಿಗಳಲ್ಲಿ ಮೂಡಿಸುವುದಕ್ಕೆಂದೇ ಕಳೆದ ಬೇಸಗೆಯ ರಜೆಯಲ್ಲಿ, ವಿದ್ಯಾರ್ಥಿಗಳು ಊರಿಗೆ ತೆರಳಿ ಬರಿದಾಗಿದ್ದ ಮಠವೊಂದರ ಪ್ರಸಾದನಿಲಯದಲ್ಲಿ ಮೂರು ದಿನಗಳ ಕುಟುಂಬ ಶಿಬಿರವೊಂದು ಜರುಗಿತು. ವಿಜಯಪುರ, ಬಾಗಲಕೋಟೆಗಳ ಸೀಮೆಯಿಂದ ಕೆಲವು ಕುಟುಂಬಗಳು ಮಕ್ಕಳೊಡನೆ ಬಂದಿಳಿದವು. ಒಂದೆರಡು ಮನೆಗಳವರು ಅಜ್ಜಿಯರನ್ನೂ ಕರೆತಂದಿದ್ದರು.

ಇಂತಹ ಕೂಟಗಳಿಗೆ ಒಂದು ಪೂರ್ವೇತಿಹಾಸವುಂಟು. ಅಮೆರಿಕದ ಪ್ರಖ್ಯಾತ ಚಲನಚಿತ್ರ ನಟನಾದ ಸ್ಪೆನ್ಸರ್ ಟ್ರೇಸಿಯ ಪತ್ನಿ ಲೂಯಿಸ್ ಟ್ರೇಸಿ ಎಂಬಾಕೆಗೆ 1924ರಲ್ಲಿ ಜಾನ್ ಎಂಬ ಮಗ ಹುಟ್ಟಿದನು. ಬಾಗಿಲೊಂದು ದಢಾರನೆ ಬಡಿದುಕೊಂಡರೂ ಮಲಗಿದ್ದ ಕೂಸು ಎಚ್ಚರಗೊಳ್ಳದಿದ್ದಾಗಲೇ ತಾಯಿಗೆ ಅವನ ಕಿವುಡು ತಿಳಿದದ್ದು. ಮಗನಿಗೆ ತಾನೇ ನುಡಿ ಕಲಿಸಿದ ಆಕೆ 1942ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಒಂದು ಸಂಸ್ಥೆಯನ್ನು ತೆರೆದಳು. ಅದರ ವೈಶಿಷ್ಟ್ಯವೆಂದರೆ ಅಲ್ಲಿ ಮೊದಲ ವಿದ್ಯಾರ್ಥಿಗಳು ಮಕ್ಕಳಲ್ಲ, ತಾಯಂದಿರು. ದೂರದೇಶದವರಿಗೆ ಅಂಚೆಯ ಮೂಲಕ ಪಾಠಗಳು ಶುಲ್ಕವಿಲ್ಲದೆ ಹೋದವು; ಮುಂದೆ ಬೇಸಗೆಯಲ್ಲಿ ಕುಟುಂಬಗಳೇ ಬಂದು ಕೆಲವು ವಾರ ಕಲಿಯುವ ಪದ್ಧತಿಯೂ ಬೆಳೆಯಿತು. ಕನ್ನಡ ನಾಡಿನಲ್ಲಿ 1965ರಲ್ಲಿ ಮೈಸೂರಿನಲ್ಲಿ ನೆಲೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ತಾಯಿಯನ್ನು ಮಗುವಿನ ಪಕ್ಕದಲ್ಲಿಯೇ ಕುಳ್ಳಿರಿಸಿ ಕಲಿಸುವ ಕ್ರಮಕ್ಕೆ ಮನ್ನಣೆ ಕೊಟ್ಟಿದೆ. ಆದರೆ ಮೈಸೂರೆಲ್ಲಿ, ಭೀಮಾತೀರದ ಹಳ್ಳಿಗಳೆಲ್ಲಿ? ಮಗುವಿನ ಮೊದಲ ವರ್ಷಗಳು ಯಾರಿಗೂ ಕಾಯುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಾಯ ಎಂಬುದು ತಜ್ಞರು ಹಾಕಿಕೊಟ್ಟ ಲೆಕ್ಕ. ಶಿಬಿರಕ್ಕೆ ಬಂದಿದ್ದ ಮಕ್ಕಳಲ್ಲಿ ಹಲವರಿಗೆ ಆಗಲೇ ಮೂರು ನಾಲ್ಕು ವರ್ಷ ತುಂಬಿತ್ತು.

ಮೊದಲ ದಿನವೆಲ್ಲ ಅಳುವಿನಲ್ಲಿಯೇ ಕಳೆಯಿತೆನ್ನಬೇಕು. ಗ್ರಹಣದ ಹೊತ್ತಿನಲ್ಲಿ ಸೊಸೆ ಹೊರಗೆ ಬಂದಳೆಂದು ಒಬ್ಬ ಅತ್ತೆ ದೂರಿದರೆ, ತವರಿನ ಶಾಪ ತಟ್ಟಿತೆಂದು ಮತ್ತೊಬ್ಬಾಕೆ ತನ್ನನ್ನು ತಾನೇ ಶಪಿಸಿಕೊಂಡಳು. ಶಿಬಿರಕ್ಕೆ ಬಂದಿದ್ದ ವಾಕ್ ಶ್ರವಣ ತಜ್ಞೆ ಇದಾವುದನ್ನೂ ಹಳಿಯದೆ, ಹಲಗೆಯ ಮೇಲೆ ಎರಡು ಬಣ್ಣದ ಬಿಂದುಗಳನ್ನು ಬರೆದು ವಂಶವಾಹಿಯ ವಿಚಾರವನ್ನು ತಿಳಿಸಿದಳು. ಹುಟ್ಟುಗಿವುಡಿನಲ್ಲಿ ವಂಶದಿಂದ ಬರುವುದು ಬಹಳ; ಅದರಲ್ಲಿಯೂ ಹೆಚ್ಚಿನದು ತಂದೆಯಿಂದೊಂದು, ತಾಯಿಯಿಂದೊಂದು ದೋಷದ ಅಂಶ ಬಂದು ಕೂಡಿದಾಗ ಮಾತ್ರ ತೋರುವಂಥದು. ಆ ತಂದೆತಾಯಿಗಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿರುತ್ತದೆ. ಪ್ರತಿಯೊಂದು ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವನಿಗೆ ಕೊಡುವ ರೂಢಿಯಿರುವಲ್ಲಿ ಈ ಕೂಡಿಕೆ ಹೆಚ್ಚು. ಇಷ್ಟನ್ನು ಕೇಳಿದ ಮೇಲೆ ಗ್ರಹಣದ ಮಾತೆತ್ತಿದ ಅತ್ತೆ ಬಹಳ ಹೊತ್ತು ಸುಮ್ಮನಿದ್ದಳು. ಮಗಳನ್ನು ತಮ್ಮನಿಗೆ ಕೊಡಬೇಕೆಂದು ಹಟ ಹಿಡಿದು, ಹಾಗೆ ಮಗಳೂ ತಮ್ಮನ ಹೆಂಡತಿಯೂ ಒಬ್ಬಳೇ ಆಗುವಂತೆ ಮಾಡಿದ ನೆರೆಮನೆಯ ಹಿರಿಯಳೊಬ್ಬಳು ಆಕೆಯ ಕೈ ಹಿಡಿದು ಕುಳಿತಳು.

ಎರಡನೆಯ ದಿನದ ಪಾಠ ನಡೆದದ್ದು ತರಗತಿಯಲ್ಲಲ್ಲ, ಅಡುಗೆಮನೆಯಲ್ಲಿ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದವು ನಾಭಿಮೂಲದಿಂದ ಕಹಳೆಯಂತೆ ಹೊಮ್ಮುವುದೆಂದೂ, ಅದರ ಬಣ್ಣ ಬಿಳುಪೆಂದೂ ಹೇಳಿರುವುದು ಪಾಠಶಾಲೆಯ ಬಾಲಕರಿಗೂ ಬಾಯಿಪಾಠ. ಶಬ್ದಕ್ಕೆ ಬಣ್ಣವೆಲ್ಲಿಯದು ಎಂದು ನಗುವವರು ಆ ದಿನ ಅಲ್ಲಿರಬೇಕಿತ್ತು. ತಜ್ಞೆ ರೊಟ್ಟಿಯ ಹಿಟ್ಟನ್ನು ಮಗುವಿನ ಮುಂದಿರಿಸಿ, ತನ್ನ ಮೋರೆಗೆ ಬೆಳಕು ಬೀಳುವಂತೆ ಕುಳಿತು, ಮಗುವಿನ ಕಣ್ಣು ತನ್ನ ಕಣ್ಣಿಗೆ ಕೂಡಿದ ಮೇಲೆಯೇ ನುಡಿಯುತ್ತಿದ್ದಳು. ಪಕಾರ ಬಕಾರ ಮಕಾರಗಳು ಮೂರೂ ಓಷ್ಠ್ಯಗಳು. ತುಟಿಯನ್ನಷ್ಟೇ ನೋಡುವವನಿಗೆ ‘ಪರ’, ‘ಬರ’, ‘ಮರ’ ಮೂರೂ ಒಂದೇ. ಆದುದರಿಂದ ಪಕಾರದ ಉಸಿರನ್ನು ಅಂಗೈಗೆ ತಾಗಿಸಿ, ಬಕಾರದ ನಾದವನ್ನು ಕೊರಳ ಮೇಲೆ ಬೆರಳಿಟ್ಟು, ಮಕಾರದ ಅನುನಾಸಿಕವನ್ನು ಮೂಗಿನ ಬದಿಯಲ್ಲಿ ಮುಟ್ಟಿಸಿ ತೋರಿಸಿದಳು. ಕಕಾರ ಗಕಾರಗಳು ಬಾಯೊಳಗೇ ಅಡಗುವುದರಿಂದ ಅವುಗಳಿಗೆ ಕಿವಿಯ ಯಂತ್ರದ ನೆರವೇ ಬೇಕು. ಕಿವುಡು ಮಕ್ಕಳನ್ನು ಜನರು ‘ಮೂಗ’ನೆಂದು ಕರೆಯುವುದು ಎಂತಹ ಅವಿಚಾರವೆಂಬುದೂ ಆಗ ಸ್ಪಷ್ಟವಾಯಿತು, ಕೊರಳಿನಲ್ಲಿ ಯಾವ ಊನವೂ ಇಲ್ಲದ ಆ ಮಗು ತನ್ನ ಗಂಟಲು ಬೆರಳಿಗೆ ಜುಮ್ಮೆಂದಾಗ ಕಿಲಕಿಲನೆ ನಕ್ಕಿತು.

ಅದೇ ಸಂಜೆ ಸಣ್ಣದೊಂದು ಚರ್ಚೆ ಎದ್ದಿತು. ಹುಟ್ಟುಗಿವುಡನಾದ ಬಡಿಗನೊಬ್ಬನು ಹೆಂಡತಿಯೊಡನೆ ಬಂದು ಕೈಸನ್ನೆಯಲ್ಲಿ ಕಥೆ ಹೇಳಿದಾಗ ಮಕ್ಕಳೆಲ್ಲ ಅವನ ಸುತ್ತ ನೆರೆದರು. ಸನ್ನೆ ಕಲಿತರೆ ಬಾಯಿಮಾತು ಬಾರದೆಂದು ತಂದೆಯರಿಗೆ ಅಂಜಿಕೆ. ಈ ಅಂಜಿಕೆಗೆ ಆಧಾರವಿಲ್ಲ. ಸನ್ನೆಯ ಭಾಷೆಗೂ ಅದರದೇ ವ್ಯಾಕರಣವುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅದನ್ನೂ ಸಂವಹನದ ಮಾಧ್ಯಮವೆಂದು ಎಣಿಸಿದೆ. ಯಂತ್ರದಿಂದ ಕೇಳಿ ಬಾಯಿಂದ ನುಡಿವ ಮಗುವಾಗಲಿ, ಕೈಯಿಂದ ನುಡಿವ ಮಗುವಾಗಲಿ, ಯಾವ ನುಡಿಯೂ ಇಲ್ಲದೆ ಐದು ವರ್ಷ ಕಳೆವ ಮಗುವಿಗಿಂತ ಸಾವಿರ ಪಾಲು ಮೇಲು.

ಮೂರನೆಯ ದಿನ ಪೂಜ್ಯರು ದರ್ಶನವಿತ್ತಾಗ ಬಡತಾಯಿಯೊಬ್ಬಳು ಬಹುದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಮುಂದಿಟ್ಟಳು: “ಅಜ್ಜಾರ, ದೀಕ್ಷಾದಾಗ ಮಂತ್ರ ಕಿವಿಯಾಗ ಹೇಳ್ತೀರಿ. ಕಿವಿನ ಇಲ್ಲದ ನನ್ನ ಮಗನಿಗೆ ದೀಕ್ಷಾ ಹ್ಯಾಂಗ್ರಿ?” ಸಭೆ ಸ್ತಬ್ಧವಾಯಿತು. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಲ್ಲಿ ಕಿವಿಗೆ ಸಂಬಂಧಿಸಿದುದು ಒಂದೇ. ಮಸ್ತಕದ ಮೇಲೆ ಹಸ್ತವಿಡುವುದು ವೇಧೆ, ಕರಸ್ಥಲಕ್ಕೆ ಲಿಂಗವನ್ನು ಕೊಡುವುದು ಕ್ರಿಯೆ. ಪೂಜ್ಯರು ಶಾಸ್ತ್ರವನ್ನು ವಿಸ್ತರಿಸಲಿಲ್ಲ. “ಲಿಂಗ ಕೈಯಾಗ ಕೊಡ್ತೀವಲ್ಲವ್ವಾ, ಅದನ್ನ ನೋಡಾಕ ಕಣ್ಣು ಸಾಕು. ಮಂತ್ರ ಅವನ ಅಂಗೈ ಮ್ಯಾಲ ಬರೀತೀನಿ, ಕರಕೊಂಡು ಬಾ” ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಮೋರೆಯನ್ನು ತನ್ನತ್ತ ತಿರುಗಿಸಿ, ನಡೆದುದನ್ನು ನಿಧಾನವಾಗಿ, ಕೈಯಿಂದಲೂ ಬಾಯಿಂದಲೂ ಅವನಿಗೆ ಹೇಳತೊಡಗಿದಳು.

ಮಧ್ಯಾಹ್ನದ ಪ್ರಸಾದವಾದ ಮೇಲೆ ಯಂತ್ರಗಳ ಬ್ಯಾಟರಿಗೆ ತಗಲುವ ವೆಚ್ಚ, ಕಿವಿ ಬೆಳೆದಂತೆಲ್ಲ ಬದಲಿಸಬೇಕಾದ ಅಚ್ಚು, ಮುಂದಿನ ಶಿಬಿರದ ತಿಂಗಳು ಇತ್ಯಾದಿಗಳ ಮಾತಾಯಿತು. ಬಸ್ಸಿನ ಹೊತ್ತಾಗಿದ್ದರೂ ಗ್ರಹಣದ ಮಾತಾಡಿದ್ದ ಅಜ್ಜಿ ಮಾತ್ರ ಬರೆಯುವವನ ಮೇಜನ್ನು ಬಿಟ್ಟು ಏಳಲಿಲ್ಲ. ತನ್ನ ಓಣಿಯಲ್ಲಿಯೇ ಇನ್ನೊಂದು ಮನೆಯುಂಟು, ಅಲ್ಲಿಯ ಕೂಸಿಗೆ ಎಂಟು ತಿಂಗಳು, ತಾಟು ಬಿದ್ದರೂ ತಿರುಗಿ ನೋಡದು, ಇನ್ನೂ ಯಾರಿಗೂ ತೋರಿಸಿಲ್ಲ ಎಂದು ಹೇಳಿ ಆ ಮನೆಯ ಹೆಸರನ್ನು ಬರೆಯಿಸಿ, ಬರೆದುದನ್ನು ಮತ್ತೊಮ್ಮೆ ಓದಿಸಿ ಕೇಳಿಕೊಂಡ ಮೇಲೆ ಗಂಟನ್ನೆತ್ತಿಕೊಂಡಳು.